ವರ್ಷತೊಡಕಿಗೆ ಕೈಮಾ ಉಂಡೆ

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಾಂಸದಡಿಗೆ ಮಾಡುವ ಮನೆಗಳಲ್ಲಿ ಅಂದು ನೆಂಟರೋ ನೆಂಟರು. ಊಟಕ್ಕೆ ಮುಂಚೆ ಅವರ ಕೈಗೆ ಕೊಡಲು ಕೈಮಾ ಉಂಡೆ ಬಲು ಸೊಗಸು. ಆದರೆ ಕೈಮಾ ಬೇಗ ಕೆಡುವ ಪದಾರ್ಥ. ತುಂಡು ಮಾಂಸದಲ್ಲಿ ಕ್ರಿಮಿಗಳು ಬಹುಮಟ್ಟಿಗೆ ಮೇಲ್ಗಡೆ ಇರುತ್ತವೆ. ಕೊಚ್ಚಿದಾಗ ಒಳಗೆಲ್ಲ ಸೇರಿಕೊಳ್ಳುತ್ತವೆ. ಆದ್ದರಿಂದ ಬೆಳಗ್ಗೆ ತಂದು ಕೂಡಲೇ ಅಡಿಗೆ ಹಚ್ಚಿ.

ಅರ್ಧ ಕಿಲೋ ಕೈಮಾಕ್ಕೆ ಒಂದು ಹಿಡಿ ಹುರಿಗಡಲೆ ಹಿಟ್ಟು, ಜೊತೆಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ ಅರೆದು, ಉಪ್ಪು ಹಾಕಿ ಕಲಸಿ. ನೀರು ಸೋಕಿಸಬೇಡಿ, ಉಂಡೆ ಒಡೆಯುತ್ತೆ. ನೆಲ್ಲಿಕಾಯಿ ಗಾತ್ರ ಸಾಕು. ದೊಡ್ಡದಾದರೆ ನಡುವೆ ಹಸಿ ಉಳಿದೀತು. ಗೊಜ್ಜಿಗೆ ನಮ್ಮ ಟೊಮೇಟೊ ಇದ್ದೇ ಇದೆ. ಮಂಡಿಯಲ್ಲಿ ಬೆಲೆ ಬಿದ್ದ ವಾರವಾದರೆ ಧಾರಾಳವಾಗಿ ಹಾಕಿ!

ಇನ್ನು ಉರಿಯ ಮಾತು. ಕೆಂಡದ ಮೇಲೆ ನಿಧಾನ ಬೆಂದರೇ ರುಚಿ ಅಂತ ಅಜ್ಜಿಯರು ಹೇಳ್ತಾರೆ. ನಿಜವೇ. ಆದರೆ ಹಸಿ ಉಂಡೆಯನ್ನು ಉಗುರುಬೆಚ್ಚಗಿನ ಗೊಜ್ಜಿಗೆ ಬಿಟ್ಟು ಕೆಂಡದ ಮೇಲಿಟ್ಟರೆ ಕ್ರಿಮಿ ಬೆಳೆಯಲು ನಾವೇ ಜಾಗ ಮಾಡಿಕೊಟ್ಟಂತೆ. ಗೊಜ್ಜು ತಕತಕ ಕುದಿಯುವಾಗ ಒಂದೊಂದಾಗಿ ಬಿಡಿ. ಕಾಲು ಗಂಟೆ ಕುದಿಸಿ, ಒಂದನ್ನು ಮುರಿದು ನೋಡಿ. ನಡುವೆ ಕೆಂಪು ಇರಬಾರದು. ಆಮೇಲೆ ಸೌದೆ ಹಿಂದೆಳೆದು, ಮುಚ್ಚಳ ಮುಚ್ಚಿ ಕೆಂಡದ ಮೇಲೆ ಅರ್ಧ ಗಂಟೆ ಬಿಡಿ. ಹುಳಿ ಖಾರ ಒಳಗಿಳಿಯುತ್ತೆ.

ನೆಂಟರು ತಡವಾದರೆ ಪಾತ್ರೆ ಹಬೆಯಾಡುತ್ತಲೇ ಇರಲಿ. ಬಡಿಸಿ ಉಳಿದದ್ದು ಆ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಆರಿ ಕೂತಿತ್ತೇ? ಆಸೆ ಬಿಡಿ, ಚೆಲ್ಲಿಬಿಡಿ. ಮತ್ತೆ ಕಾಯಿಸಿ ಮಕ್ಕಳಿಗಂತೂ ಕೊಡಲೇಬೇಡಿ.