ಶಾಲೆಯ ಅಂಗಳದಿಂದ ವೃತ್ತಿ ಕ್ರೀಡೆಯವರೆಗೆ: ಪ್ರತಿಭೆಯನ್ನು ಅಳೆಯುವ ಬಗೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ದೈಹಿಕ ಶಿಕ್ಷಕರಿಗೂ ಪೋಷಕರಿಗೂ ಏರ್ಪಡಿಸಿದ್ದ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ಶಾಲೆಯ ಫಲಿತಾಂಶಗಳ ಬಗ್ಗೆ, ಕಟ್ಟಡಗಳ ಬಗ್ಗೆ, ದಾನಿಗಳ ಔದಾರ್ಯದ ಬಗ್ಗೆ ಹಿರಿಯರು ಸೊಗಸಾಗಿ ಮಾತನಾಡಿದ್ದಾರೆ. ನಾವು ಆಯ್ದುಕೊಂಡ ವಿಷಯ ಮೈದಾನಕ್ಕೆ ಸೇರಿದ್ದು. ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ಮಗುವೊಂದು ಬ್ಯಾಸ್ಕೆಟ್‌ಬಾಲ್‌ನಲ್ಲೋ ಕ್ರಿಕೆಟ್‌ನಲ್ಲೋ ಮಿಂಚತೊಡಗಿದ ಕೂಡಲೇ ತಂದೆತಾಯಿಯರು ಮುಖ್ಯೋಪಾಧ್ಯಾಯರ ಕೋಣೆಗೆ ಬಂದು ಕೇಳುವ ಪ್ರಶ್ನೆ ಒಂದೇ: "ಮೇಡಂ, ಇವನು ಆಟದಲ್ಲೇ ಬದುಕು ಕಟ್ಟಿಕೊಳ್ಳಬಲ್ಲನೇ? ಓದು ಬಿಡಿಸಿ ಅಕಾಡೆಮಿಗೆ ಸೇರಿಸೋಣವೇ?" ಈ ಪ್ರಶ್ನೆಯ ಹಿಂದೆ ಒಂದು ಕುಟುಂಬದ ಭವಿಷ್ಯವೇ ನಿಂತಿರುತ್ತದೆ. ಆದುದರಿಂದ ಇದಕ್ಕೆ ಹಾರಿಕೆಯ ಉತ್ತರ ಸಲ್ಲದು.

ನಮ್ಮ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತಾವೆಲ್ಲರೂ ನೋಡಿದ್ದೀರಿ. ಅನುಭವಸ್ಥ ರೀಲರ್‌ಗಳು ಗೂಡನ್ನು ಅಂಗೈಯಲ್ಲಿಟ್ಟು ಒತ್ತಿ ನೋಡುತ್ತಾರೆ, ಕಿವಿಯ ಬಳಿ ಅಲ್ಲಾಡಿಸಿ ಕೇಳುತ್ತಾರೆ, ಬಳಿಕ ಬೆಲೆ ಕೂಗುತ್ತಾರೆ. ಆದರೂ ಆ ಗೂಡು ಎಷ್ಟು ನೂಲು ಕೊಡುತ್ತದೆ ಎಂಬುದು ಬಿಸಿನೀರಿಗೆ ಬಿದ್ದು ಎಳೆ ಬಿಚ್ಚಿದ ಮೇಲೆಯೇ ತಿಳಿಯುತ್ತದೆ. ಗೂಡಿನ ಮಾತೇ ಹೀಗಿರುವಾಗ, ಇನ್ನೂ ಬೆಳೆಯುತ್ತಿರುವ ಮಗುವಿಗೆ ಹದಿನೈದರಲ್ಲೇ ಬೆಲೆ ಕಟ್ಟುವವರು ಎಷ್ಟು ಎಚ್ಚರದಿಂದ ಇರಬೇಕು!

ಹೀಗೆ ಬೆಲೆ ಕಟ್ಟುವ ವಿದ್ಯೆಗೆ ಅಪಾರ ಹಣ ಮತ್ತು ಶ್ರಮವನ್ನು ವ್ಯಯಿಸುವ ಕ್ಷೇತ್ರಗಳಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಒಂದು. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಕರು ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ಆಡಲು ರೂಪಿಸಿದ ಆಟ ಅದು. ಇಂದು ಅಲ್ಲಿನ ಎನ್.ಬಿ.ಎ. ಲೀಗಿನಲ್ಲಿ 30 ತಂಡಗಳಿವೆ. ತಂಡಕ್ಕೆ 15 ಆಟಗಾರರಂತೆ ಒಟ್ಟು 450 ಪೂರ್ಣ ಸ್ಥಾನಗಳು. ಪ್ರತಿವರ್ಷ ಹೊಸಬರನ್ನು ಆರಿಸುವ ಡ್ರಾಫ್ಟ್ ಎಂಬ ವ್ಯವಸ್ಥೆಯ ಎರಡು ಸುತ್ತುಗಳಲ್ಲಿ ಸುಮಾರು 60 ಹೆಸರುಗಳಷ್ಟೇ ಕೇಳಿಬರುತ್ತವೆ. ಪ್ರೌಢಶಾಲೆಯ ಹಂತದಿಂದಲೇ ಮಕ್ಕಳ ಆಟವನ್ನು ನೋಡಿ, ಅಳೆದು, ಕ್ರಮಾಂಕ ಕೊಡುವ ಪರಿಣತರು ಅಲ್ಲಿದ್ದಾರೆ.

ಅವರ ಅಳತೆ ಎಷ್ಟು ನಿಜವಾಯಿತು? 2001ರಲ್ಲಿ ಪ್ರೌಢಶಾಲೆಯಿಂದ ನೇರವಾಗಿ ಬಂದ ಕ್ವಾಮೆ ಬ್ರೌನ್ ಇಡೀ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದರು. ಅವರ ಮೇಲಿಟ್ಟ ನಿರೀಕ್ಷೆ ಈಡೇರಲಿಲ್ಲ. ಎರಡೇ ವರ್ಷಗಳ ನಂತರ, 2003ರಲ್ಲಿ, ಅದೇ ರೀತಿ ಪ್ರೌಢಶಾಲೆಯಿಂದ ಬಂದು ಮೊದಲಿಗರಾದ ಲೆಬ್ರಾನ್ ಜೇಮ್ಸ್ ನಿರೀಕ್ಷೆಗಳನ್ನೆಲ್ಲ ಮೀರಿ ಬೆಳೆದರು. ಅಳತೆಗೋಲು ಒಂದೇ, ಫಲ ಎರಡು. ಇನ್ನು ಸ್ಟೀಫನ್ ಕರಿಯವರನ್ನು ನೋಡಿ. ಪ್ರೌಢಶಾಲೆಯಲ್ಲಿದ್ದಾಗ ಸಪೂರ ಮೈಯ ಆ ಹುಡುಗನಿಗೆ ದೊಡ್ಡ ವಿಶ್ವವಿದ್ಯಾಲಯಗಳು ಮಣೆ ಹಾಕಲಿಲ್ಲ. ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿಗೆ ಸೇರಿದ ಅವರು ಇಂದು ಆ ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಮೂರು ಅಂಕಗಳ ಗುರಿ ಹೊಡೆದವರು. ಮೈಕೆಲ್ ಜೋರ್ಡಾನ್ ಅವರನ್ನೂ 1978ರಲ್ಲಿ ಶಾಲೆಯ ಹಿರಿಯ ತಂಡಕ್ಕೆ ತೆಗೆದುಕೊಳ್ಳದೆ ಕಿರಿಯ ತಂಡದಲ್ಲಿರಿಸಲಾಗಿತ್ತು. ಆ ವರ್ಷ ಹಿರಿಯ ತಂಡದಲ್ಲಿ ಸ್ಥಾನ ಪಡೆದದ್ದು ಅವರಿಗಿಂತ ಎತ್ತರವಿದ್ದ ಸಹಪಾಠಿ. 2006ರಿಂದ ಆ ಲೀಗು ಪ್ರೌಢಶಾಲೆಯಿಂದ ನೇರ ಪ್ರವೇಶವನ್ನು ನಿಲ್ಲಿಸಿ, ಕನಿಷ್ಠ 19 ವರ್ಷದ ನಿಯಮವನ್ನು ತಂದಿತು.

ನಮ್ಮ ದೇಶದ ನಿದರ್ಶನವೂ ಇದೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತ ಕುಟುಂಬದ ಸತ್ನಾಮ್ ಸಿಂಗ್ ಲೂಧಿಯಾನದ ಅಕಾಡೆಮಿಯಲ್ಲಿ ಪಳಗಿ, 2010ರಲ್ಲಿ ಇನ್ನೂ 14ರ ಬಾಲಕನಾಗಿದ್ದಾಗಲೇ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಫ್ಲಾರಿಡಾಕ್ಕೆ ತೆರಳಿದರು. 7 ಅಡಿ 2 ಅಂಗುಲ ಎತ್ತರದ ಅವರನ್ನು 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಆ ಗೌರವ ಪಡೆದ ಮೊದಲಿಗರು ಅವರೇ. ಆದರೆ ಮುಖ್ಯ ಲೀಗಿನಲ್ಲಿ ಒಂದು ಪಂದ್ಯವನ್ನಾಡುವ ಅವಕಾಶವೂ ಅವರಿಗೆ ದೊರೆಯಲಿಲ್ಲ. ಕಿರಿಯ ಲೀಗಿನಲ್ಲಿ ಆಡಿ, ಮುಂದೆ ವೃತ್ತಿಪರ ಕುಸ್ತಿಯತ್ತ ಹೊರಳಿದರು. ಅವರ ಸಾಧನೆ ಸಣ್ಣದಲ್ಲ. ಆದರೂ ಆಯ್ಕೆಯಾಗುವುದು ಬೇರೆ, ಅಂಕಣದಲ್ಲಿ ನೆಲೆಯೂರುವುದು ಬೇರೆ ಎಂಬ ಪಾಠ ಅದರಲ್ಲಿದೆ.

ಹಾಗಾದರೆ ಶಾಲೆಯ ಹಂತದ ಅಳತೆ ಎಲ್ಲಿ ಎಡವುತ್ತದೆ? ಮೊದಲನೆಯ ಕಾರಣ ವಯಸ್ಸು. ನಮ್ಮ ಶಾಲಾ ಕ್ರೀಡಾಕೂಟಗಳು 14, 17, 19 ವರ್ಷದೊಳಗಿನವರು ಎಂಬ ವಿಭಾಗಗಳಲ್ಲಿ ನಡೆಯುತ್ತವೆ. ಒಂದೇ ವಿಭಾಗದಲ್ಲಿ ಜನವರಿಯಲ್ಲಿ ಹುಟ್ಟಿದ ಮಗುವೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಇರಬಹುದು. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರದಲ್ಲಿ, ತೂಕದಲ್ಲಿ, ಜಿಗಿತದಲ್ಲಿ ದೊಡ್ಡ ಅಂತರ. ಕೆನಡಾದ ಐಸ್ ಹಾಕಿ ಆಟಗಾರರನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದವರು, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಾದವರಲ್ಲಿ ಹೆಚ್ಚಾಗಿರುವುದನ್ನು ಗುರುತಿಸಿದರು. ಮೊದಲು ಬೆಳೆದ ಮಗುವನ್ನು ನಾವು ಹೆಚ್ಚು ಪ್ರತಿಭಾವಂತ ಮಗುವೆಂದು ಭಾವಿಸುವ ಅಪಾಯ ಇಲ್ಲಿದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಯಾವುದೇ ಹಳೆಯ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದರೆ ಜೂನ್ ತಿಂಗಳಲ್ಲಿ ಹುಟ್ಟಿದ ಮಕ್ಕಳೇ ಹೆಚ್ಚಾಗಿ ಕಾಣುತ್ತಾರೆ. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಾಗ ಶಾಲೆಗೆ ಸೇರಿಸುವ ತಿಂಗಳೇ ಜನ್ಮದ ತಿಂಗಳಾಗುತ್ತಿದ್ದ ಕಾಲವದು. ಇಂದು ಜನನ ಪ್ರಮಾಣಪತ್ರಗಳು ಬಂದಿವೆ. ಆದರೂ "ಒಂದು ವರ್ಷ ಕಡಮೆ ಮಾಡಿಕೊಡಿ, ಕೆಳಗಿನ ವಿಭಾಗದಲ್ಲಿ ಆಡಲಿ" ಎಂದು ಕೇಳುವವರು ಇಲ್ಲದಿಲ್ಲ. ಇದನ್ನು ನಾವು ಒಪ್ಪಲಾರೆವು. ಕ್ರಿಕೆಟ್ ಮಂಡಳಿಯು ಕಿರಿಯರ ವಿಭಾಗದಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸನ್ನು ಪರೀಕ್ಷಿಸುತ್ತದೆ. ಸುಳ್ಳು ಹೊರಬಿದ್ದಾಗ ಶಿಕ್ಷೆ ಮಗುವಿನದು. ಅದಕ್ಕಿಂತ ಮಿಗಿಲಾಗಿ, ಕಡಮೆ ವಯಸ್ಸು ಬರೆಸಿ ಗೆದ್ದ ಪ್ರತಿಯೊಂದು ಸ್ಥಾನವೂ ನಿಜವಾದ ಕಿರಿಯ ಮಗುವಿನಿಂದ ಕಿತ್ತುಕೊಂಡದ್ದು.

ಎರಡನೆಯ ಕಾರಣ, ಸುಲಭವಾಗಿ ಅಳೆಯಬಹುದಾದುದನ್ನೇ ನಾವು ಅಳೆಯುತ್ತೇವೆ. ಕ್ರೀಡಾ ಶಾಲೆಗಳ ಪ್ರವೇಶ ಪರೀಕ್ಷೆಗಳಲ್ಲಿ ಎತ್ತರ, ತೂಕ, 30 ಮೀಟರ್ ಓಟ, ಷಟಲ್ ಓಟ, ನಿಂತಲ್ಲಿಂದ ಉದ್ದ ಜಿಗಿತ, ಮೆಡಿಸಿನ್ ಬಾಲ್ ಎಸೆತ, 800 ಮೀಟರ್ ಓಟ ಮುಂತಾದವು ಇರುತ್ತವೆ. ಇವು ಬೇಕಾದವೇ. ಆದರೆ ಹತ್ತು ಅಡಿ ಎತ್ತರದ ಬುಟ್ಟಿಗೆ ಚೆಂಡು ಬೀಳುವುದು ಕೇವಲ ಎತ್ತರದಿಂದಲ್ಲ. ಮಗು ಎರಡೂ ಕೈಗಳಿಂದ ಚೆಂಡನ್ನು ಪುಟಿಸಬಲ್ಲದೇ? ದಣಿದ ಕಡೆಯ ಐದು ನಿಮಿಷಗಳಲ್ಲಿಯೂ ಅದರ ಕೈ ಸ್ಥಿರವೇ? ತಲೆ ಎತ್ತಿ ಜೊತೆಯಾಟಗಾರರನ್ನು ನೋಡುತ್ತದೆಯೇ? ತನ್ನಿಂದ ಚೆಂಡು ತಪ್ಪಿದಾಗ ನಿಂತುಬಿಡುತ್ತದೆಯೋ, ಹಿಂದಕ್ಕೆ ಓಡಿ ತಡೆಯುತ್ತದೆಯೋ? ಇಂದು ತಿದ್ದಿದ್ದನ್ನು ಮುಂದಿನ ವಾರ ಮಾಡಿ ತೋರಿಸುತ್ತದೆಯೇ? ಈ ಪ್ರಶ್ನೆಗಳಿಗೆ ಒಂದು ದಿನದ ಆಯ್ಕೆ ಶಿಬಿರದಲ್ಲಿ ಉತ್ತರ ಸಿಗದು. ದಿನವೂ ಮಗುವನ್ನು ನೋಡುವ ದೈಹಿಕ ಶಿಕ್ಷಕರಿಗೆ ಮಾತ್ರ ಸಿಕ್ಕೀತು.

ಮೂರನೆಯದು ಗಡಿನಾಡಿನ ನಮ್ಮ ಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅವರಿಗೆ ಮನೆಯಲ್ಲೂ ತರಗತಿಯಲ್ಲೂ ಕನ್ನಡ, ಪೇಟೆಯಲ್ಲಿ ತೆಲುಗು, ಮೇಲ್ಮಟ್ಟದ ಶಿಬಿರಗಳಲ್ಲಿ ಇಂಗ್ಲಿಷ್ ಅಥವಾ ಹಿಂದಿ. ತರಬೇತುದಾರರ ಸೂಚನೆ ಅರ್ಥವಾಗದೆ ಒಂದು ಕ್ಷಣ ತಡೆದು ನಿಂತ ಮಗುವನ್ನು "ಚುರುಕಿಲ್ಲ" ಎಂದು ಬರೆದುಬಿಡುವುದು ಬಹಳ ಸುಲಭ. ಭಾಷೆಯ ತಡವನ್ನು ಬುದ್ಧಿಯ ತಡವೆಂದು ತಿಳಿಯಬಾರದು. ಆದುದರಿಂದ ಆಟದ ಪರಿಭಾಷೆಯನ್ನು ಈ ಮಕ್ಕಳಿಗೆ ಎಲ್ಲ ಭಾಷೆಗಳಲ್ಲಿಯೂ ಕಲಿಸಿ ಕಳುಹಿಸುವುದು ಶಾಲೆಯ ಹೊಣೆ. ಇದು ಕನ್ನಡಕ್ಕೆ ಮಾಡುವ ದ್ರೋಹವಲ್ಲ, ಕನ್ನಡದ ಮಗುವಿಗೆ ಕೊಡುವ ಬುತ್ತಿ.

ಇನ್ನು ವೃತ್ತಿಯ ಮಾತು. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್‌ನಿಂದ ಬದುಕು ಸಾಗುವುದು ಬಹುತೇಕ ರೈಲ್ವೆ, ಪೊಲೀಸ್, ಬ್ಯಾಂಕುಗಳಂತಹ ಸಂಸ್ಥೆಗಳ ಕ್ರೀಡಾ ನೇಮಕಾತಿಯಿಂದ. ಬೆಂಗಳೂರಿನ ವಿಜಯಾ ಬ್ಯಾಂಕಿನ ತಂಡ ದೀರ್ಘಕಾಲ ಹೆಸರಾಗಿತ್ತು. ಆ ಬ್ಯಾಂಕೇ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಇಂತಹ ನೇಮಕಾತಿಗೂ ವಿದ್ಯಾರ್ಹತೆ ಬೇಕು. ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವನಿಗೆ ಪದಕವಿದ್ದರೂ ಬಾಗಿಲು ಕಿರಿದು. ಒಂದು ಮೊಣಕಾಲಿನ ಗಾಯ ಸಾಕು, ಆಟ ನಿಲ್ಲಲು. ಓದು ಹಾಗೆ ನಿಲ್ಲುವುದಿಲ್ಲ. "ಓದು ಬಿಡಿಸೋಣವೇ?" ಎಂಬ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ: ಬೇಡ. ಅಕಾಡೆಮಿಗೆ ಕಳುಹಿಸಿ, ಆದರೆ ಅಲ್ಲಿ ಶಾಲೆಯೂ ಇದೆಯೇ ಎಂದು ಮೊದಲು ಕೇಳಿ.

ಎರಡೂ ಕೂಡಿ ಸಾಗಬಲ್ಲವು. ಬೆಂಗಳೂರಿನ ಸಂಜನಾ ರಮೇಶ್ ಬ್ಯಾಸ್ಕೆಟ್‌ಬಾಲ್‌ನ ಬಲದಿಂದಲೇ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸೇರಿ, ಓದುತ್ತಲೇ ಆಡಿದರು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗವನ್ನು ಗೆದ್ದರು. ಆ ಕ್ರೀಡಾಂಗಣ ಹಿಂದೂಪುರದಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿದೆ. ಇನ್ನೂ ಹತ್ತಿರದ ಮಾತೆಂದರೆ, ಅನಂತಪುರದ ಆರ್.ಡಿ.ಟಿ. ಸಂಸ್ಥೆಯ ಕ್ರೀಡಾ ಅಕಾಡೆಮಿಯಲ್ಲಿ ಬೆಳೆದ ನಮ್ಮ ಜಿಲ್ಲೆಯ ಹಳ್ಳಿಯ ಹುಡುಗಿ ಬಾರೆಡ್ಡಿ ಅನೂಷಾ 2023ರ ಜುಲೈನಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತ ಕ್ರಿಕೆಟ್ ತಂಡಕ್ಕೆ ಆಡಿದರು. ಎಂಟನೆಯ ತರಗತಿಗೆ ಬಂದೊಡನೆ "ಇನ್ನು ಆಟ ಸಾಕು" ಎಂದು ಹೆಣ್ಣುಮಕ್ಕಳನ್ನು ಮೈದಾನದಿಂದ ಕರೆದೊಯ್ಯುವ ತಾಯಂದಿರು ಈ ಹೆಸರುಗಳನ್ನು ದಯವಿಟ್ಟು ನೆನಪಿಡಬೇಕು. ಅಳೆಯುವ ಮೊದಲೇ ಮೈದಾನ ಬಿಟ್ಟವರನ್ನು ಯಾವ ಪರಿಣತರೂ ಗುರುತಿಸಲಾರರು.

ಆದುದರಿಂದ ದೈಹಿಕ ಶಿಕ್ಷಕರಲ್ಲಿ ನಮ್ಮ ವಿನಂತಿ ಮೂರು. ಒಂದು, ಪ್ರತಿ ಮಗುವಿನ ಎತ್ತರ, ತೂಕ ಮತ್ತು ಓಟದ ವೇಳೆಯನ್ನು ಮೂರು ತಿಂಗಳಿಗೊಮ್ಮೆ ಹುಟ್ಟಿದ ತಿಂಗಳಿನೊಡನೆ ಬರೆದಿಡಿ. ಒಂದು ದಿನದ ಅಂಕಿಗಿಂತ ಎರಡು ವರ್ಷಗಳ ಏರಿಕೆ ಹೆಚ್ಚು ಹೇಳುತ್ತದೆ. ಎರಡು, ತಂಡಕ್ಕೆ ಆಯ್ಕೆಯಾಗದವರಿಗೂ ವಾರಕ್ಕೆ ಮೂರು ದಿನವಾದರೂ ಚೆಂಡು ಸಿಗಲಿ. ಮೂರು, ಆಯ್ಕೆಯಾದವರ ಹಾಜರಿಯನ್ನೂ ಪಾಠವನ್ನೂ ತರಗತಿಯ ಶಿಕ್ಷಕರೊಡನೆ ಕುಳಿತು ನೋಡಿ.

ಕಲ್ಯಾಣದುರ್ಗದ ಕೆಂಪು ನೆಲದ ರೈತರಿಗೆ ನಾವು ಹೇಳಬೇಕಾದುದೇನೂ ಇಲ್ಲ. ಕಡಲೆಕಾಯಿ ಗಿಡದ ಹಸಿರು ನೋಡಿ ಇಳುವರಿಯನ್ನು ಅವರು ಲೆಕ್ಕ ಹಾಕುವುದಿಲ್ಲ. ಕಾಯಿ ನೆಲದೊಳಗಿದೆ, ತಡವಾಗಿ ಬಂದ ಒಂದು ಹದ ಮಳೆಯೂ ಅದನ್ನು ತುಂಬಬಲ್ಲದು ಎಂದು ಅವರು ಬಲ್ಲರು. ತಡವಾಗಿ ತುಂಬುವ ಮಗುವಿಗಾಗಿಯೂ ಕಾಯುವ ತಾಳ್ಮೆ ನಮ್ಮ ಶಾಲೆಗಳಿಗಿರಲಿ. ಯಾರು ವೃತ್ತಿಪರ ಆಟಗಾರರಾಗುವರೆಂದು ಮುಂಚಿತವಾಗಿ ಹೇಳುವುದು ಶಾಲೆಯ ಕೆಲಸವಲ್ಲ. ಆಗಬಲ್ಲವರು ಯಾರೂ ನಮ್ಮ ಅವಸರದಿಂದ ಹೊರಗುಳಿಯದಂತೆ, ಆಗದವರು ಯಾರೂ ಬರಿಗೈಯಲ್ಲಿ ಹಿಂದಿರುಗದಂತೆ ನೋಡಿಕೊಳ್ಳುವುದು ಶಾಲೆಯ ಕೆಲಸ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಶಾಲೆ ಆ ಕೆಲಸವನ್ನು ನಿಷ್ಠೆಯಿಂದ ಮಾಡಲೆಂದು ಹಾರೈಸುತ್ತೇವೆ.