ಕುರ್ಚಿಯಿಂದ ಇಳಿಸೋರು ಯಾರು? ಚೀನಾದ ಹಳ್ಳಿ, ನಮ್ಮ ಪಂಚಾಯಿತಿ

ಇವತ್ತು ನಿಮ್ಮನ್ನ ಮೊದಲು ಒಂದು ಮರದ ಕೆಳಗೆ ಕರ್ಕೊಂಡು ಹೋಗ್ತೀನಿ. ಆ ಮರ ಇರೋದು ದಕ್ಷಿಣ ಚೀನಾದಲ್ಲಿ, ಗುವಾಂಗ್‌ಶಿ ಅನ್ನೋ ಪ್ರದೇಶದ ಗುವೊಜುವೊ ಅನ್ನೋ ಸಣ್ಣ ಹಳ್ಳೀಲಿ. ದೊಡ್ಡ ಕರ್ಪೂರದ ಮರ. 1980ರ ಫೆಬ್ರವರಿ 5ನೇ ತಾರೀಕು ಮನೆಗೊಬ್ಬರಂತೆ 85 ಜನ ಅದರ ಕೆಳಗೆ ಸೇರಿದ್ರು. ಚೀಟಿ ಬರೆದು ಹಾಕಿ ತಮ್ಮ ಊರಿಗೆ ಒಂದು ಸಮಿತಿ ಆರಿಸಿಕೊಂಡ್ರು. ವೇ ಹುವಾನ್‌ನೆಂಗ್ ಅನ್ನೋ ರೈತ ಆ ಸಮಿತಿಯ ಮುಖ್ಯಸ್ಥರಾದ್ರು.

ಹೀಗೆ ಮಾಡಿ ಅಂತ ಬೀಜಿಂಗ್‌ನಿಂದ ಆದೇಶ ಬಂದಿರಲಿಲ್ಲ. ಊರವರಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೇ. 1958ರಿಂದ ಕಮ್ಯೂನ್ ವ್ಯವಸ್ಥೆ ಇತ್ತು. ಹೊಲ ಎಲ್ಲರದ್ದು, ದುಡಿಮೆ ಒಟ್ಟಿಗೆ, ಲೆಕ್ಕ ಬರೆಯೋರು ಮೇಲಿನವರು. ಜಮೀನನ್ನ ಮನೆಮನೆಗೆ ಹಂಚಿ ಸಾಗುವಳಿಗೆ ಬಿಡೋಕೆ ಶುರುವಾದ ತಕ್ಷಣ ಆ ಲೆಕ್ಕದವರ ಮಾತು ನಡೀದೆ ಹೋಯ್ತು. ಊರಲ್ಲಿ ದನ ಕಳವಾಗ್ತಿತ್ತು, ಜೂಜು ನಡೀತಿತ್ತು, ಗುಡ್ಡದ ಮರ ಕಡೀತಿದ್ರು. ಕೇಳೋರೇ ಇರಲಿಲ್ಲ. ಕೇಳೋಕೆ ಅಂತ ಯಾರಾದ್ರೂ ಬೇಕಲ್ಲ, ಅದಕ್ಕೆ ಊರೇ ಸೇರಿ ಆರಿಸ್ತು.

ಮರದ ಕೆಳಗಿನ ಈ ಏರ್ಪಾಡು ಎರಡೇ ವರ್ಷದಲ್ಲಿ, 1982ರಲ್ಲಿ, ಚೀನಾದ ಸಂವಿಧಾನದ 111ನೇ ವಿಧಿ ಸೇರ್ತು. 1987ರಲ್ಲಿ ಪ್ರಯೋಗಕ್ಕೆ ಅಂತ ಒಂದು ಕಾನೂನು ಬಂತು, 1998ರಲ್ಲಿ ಅದು ಪೂರ್ಣ ಕಾನೂನಾಯ್ತು. ಅಂದ್ರೆ ಕಮ್ಯುನಿಸ್ಟ್ ಚೀನಾದ ಹಳ್ಳಿಗಳಲ್ಲಿ ಚುನಾವಣೆ ಇದೆ. ಅಲ್ಲಿ ಓಟೇ ಇಲ್ಲ ಅಂತ ತುಂಬಾ ಜನ ನನ್ನ ಹತ್ರ ಹೇಳಿದಾರೆ. ಅದು ಸರಿಯಲ್ಲ. ಹಾಗೇ, ಒಕ್ಕೂಟ ವ್ಯವಸ್ಥೆ ಇರೋ ಪ್ರಜಾಪ್ರಭುತ್ವ ಅಂದ್ಮೇಲೆ ನಮ್ಮ ಹಳ್ಳಿಗೆ ಅಧಿಕಾರ ತಾನಾಗೇ ಬಂದುಬಿಡುತ್ತೆ ಅಂತ ನಂಬಿದವರೂ ಇದಾರೆ. ಅದೂ ಸರಿಯಲ್ಲ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ನಾನು ಒಂದೇ ಪ್ರಶ್ನೆ ಇಟ್ಕೊಂಡು ಹೋಗ್ತೀನಿ. ಊರಿನ ಕುರ್ಚೀಲಿ ಕೂತವರನ್ನ ಅಲ್ಲಿಂದ ಇಳಿಸೋ ಶಕ್ತಿ ಯಾರ ಕೈಲಿದೆ?

ಚೀನಾದಲ್ಲಿ ಪ್ರಾಂತ್ಯ, ಅದರ ಕೆಳಗೆ ದೊಡ್ಡ ಜಿಲ್ಲೆಯಂಥದ್ದು, ಅದರ ಕೆಳಗೆ ಕೌಂಟಿ, ಆಮೇಲೆ ಹೋಬಳಿಯಂಥದ್ದು. ಸರ್ಕಾರ ಅನ್ನೋದು ಅಲ್ಲಿಗೆ ಮುಗಿಯುತ್ತೆ. ಹಳ್ಳಿ ಸಮಿತಿ ಕಾನೂನಿನ ಲೆಕ್ಕದಲ್ಲಿ ಸರ್ಕಾರವೇ ಅಲ್ಲ, ಜನರ ಸ್ವಯಂ ಆಡಳಿತದ ಸಂಘಟನೆ. ಪ್ರತಿ ಕೌಂಟೀಲೂ ಇಬ್ಬರು ದೊಡ್ಡವರು ಇರ್ತಾರೆ. ಒಬ್ಬರು ಸರ್ಕಾರದ ಮುಖ್ಯಸ್ಥರು, ಇನ್ನೊಬ್ಬರು ಪಕ್ಷದ ಕಾರ್ಯದರ್ಶಿ. ಇಬ್ಬರಲ್ಲಿ ಹಿರಿಯರು ಪಕ್ಷದ ಕಾರ್ಯದರ್ಶಿ. ಅವರನ್ನ ಅಲ್ಲಿನ ಜನ ‘ಯಿ ಬಾ ಶೌ’ ಅಂತ ಕರೀತಾರೆ, ಮೊದಲನೇ ಕೈ ಅಂತ. ನಮ್ಮ ಕಡೆ ಹೇಳೋದಾದ್ರೆ, ಡಿಸಿ ಸಾಹೇಬರೂ ಜಿಲ್ಲಾ ಉಸ್ತುವಾರಿ ಸಚಿವರೂ ಪಕ್ಷದ ಜಿಲ್ಲಾಧ್ಯಕ್ಷರೂ ಒಬ್ಬರೇ ಆಗಿದ್ರೆ ಹೇಗಿರುತ್ತೋ ಹಾಗೆ.

ಆ ಮೊದಲನೇ ಕೈಯನ್ನ ಕಳಿಸೋದು ಮೇಲಿನ ಪಕ್ಷ ಸಮಿತಿ. ಕೌಂಟಿ ಮಟ್ಟದ ಜನಪ್ರತಿನಿಧಿ ಸಭೆಗೆ ಜನ ನೇರವಾಗಿ ಓಟು ಹಾಕ್ತಾರೆ, ನಿಜ. ಆದ್ರೆ ಅದಕ್ಕಿಂತ ಮೇಲಿನ ಪ್ರತಿ ಸಭೆಯನ್ನೂ ಅದರ ಕೆಳಗಿನ ಸಭೆ ಆರಿಸುತ್ತೆ. ಅಧಿಕಾರದ ಹುದ್ದೆಗೆ ಯಾರು ಅನ್ನೋದನ್ನ ಪಕ್ಷದ ಸಂಘಟನಾ ಇಲಾಖೆ ಮೊದಲೇ ತೀರ್ಮಾನ ಮಾಡಿರುತ್ತೆ. ಇವತ್ತಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಹತ್ತಿದ್ದೂ ಇದೇ ಏಣಿ. 1970ರ ದಶಕದಲ್ಲಿ ಲಿಯಾಂಗ್‌ಜಿಯಾಹೆ ಅನ್ನೋ ಹಳ್ಳಿಯ ಪಕ್ಷ ಕಾರ್ಯದರ್ಶಿ, 1980ರ ದಶಕದಲ್ಲಿ ಹೆಬೇ ಪ್ರಾಂತ್ಯದ ಝೆಂಗ್‌ಡಿಂಗ್ ಕೌಂಟಿಯ ಕಾರ್ಯದರ್ಶಿ.

ಈ ಏಣಿ ಹತ್ತಬೇಕಾದ್ರೆ ಅಂಕ ಬೇಕು. ವರ್ಷ ವರ್ಷ ಮೇಲಿನಿಂದ ಗುರಿ ಬರುತ್ತೆ, ರಸ್ತೆ ಇಷ್ಟಾಗಬೇಕು, ಕಾರ್ಖಾನೆ ಇಷ್ಟು ಬರಬೇಕು ಅಂತ. ಅದರಲ್ಲಿ ಕೆಲವು ಗುರಿಗಳು ಎಂಥವು ಅಂದ್ರೆ, ಅದೊಂದರಲ್ಲಿ ತಪ್ಪಿದ್ರೆ ಬೇರೆ ಎಲ್ಲದರಲ್ಲಿ ತೆಗೆದ ಅಂಕವೂ ನೀರಲ್ಲಿ ಹೋದ ಹಾಗೆ. ಊರಲ್ಲಿ ಗಲಾಟೆ ಆಗಬಾರದು, ದೂರು ಹಿಡ್ಕೊಂಡು ಯಾರೂ ಬೀಜಿಂಗ್‌ಗೆ ಹೋಗಬಾರದು ಅನ್ನೋದು ಬಹಳ ಕಾಲ ಅಂಥ ಗುರಿಯಾಗಿತ್ತು. ಅಲ್ಲಿ ಜನ ಅರ್ಜಿ ಬರೆದು ರಾಜಧಾನಿವರೆಗೂ ಹೋಗೋ ಹಳೇ ಪದ್ಧತಿ ಇದೆ, ಅದಕ್ಕಂತ ಕಚೇರಿಯೂ ಇದೆ. ಹೋದವರ ಲೆಕ್ಕ ಊರಿನ ಅಧಿಕಾರಿಯ ಹೆಸರಿಗೆ ಬೀಳ್ತಿತ್ತು. ಹಾಗಾಗಿ ಅಧಿಕಾರಿಗಳು ದೂರನ್ನ ಬಗೆಹರಿಸೋದು ಬಿಟ್ಟು, ದೂರು ತಂದವರನ್ನೇ ದಾರೀಲಿ ತಡೆದು ವಾಪಸ್ ಕರ್ಕೊಂಡು ಬರೋದು ಸಾಮಾನ್ಯ ಆಗಿಬಿಡ್ತು. ಕುರ್ಚಿ ಮೇಲಿನವರ ಕೈಲಿದ್ದಾಗ ಕೆಳಗಿನವರ ಅಳಲು ಅಂಕಪಟ್ಟಿಯ ಕೆಂಪು ಗೆರೆ ಆಗುತ್ತೆ. ನನಗೆ ಇಡೀ ವ್ಯವಸ್ಥೇಲಿ ಮನಸ್ಸಿಗೆ ತುಂಬಾ ನಾಟಿದ್ದು ಇದು.

ಈಗ ದುಡ್ಡಿನ ವಿಷಯ. ಇಲ್ಲಿ ಲೆಕ್ಕ ಪೂರಾ ತಿರುಗಿಬಿಡುತ್ತೆ. ಚೀನಾ ಒಕ್ಕೂಟ ಅಲ್ಲ, ಸಂವಿಧಾನದ ಪ್ರಕಾರ ಏಕ ಸರ್ಕಾರ. ಆದ್ರೆ ಅಲ್ಲಿ ಸರ್ಕಾರಿ ಖರ್ಚಿನಲ್ಲಿ ಶೇಕಡಾ 85ರ ಆಸುಪಾಸು ಪ್ರಾಂತ್ಯ ಮತ್ತು ಅದರ ಕೆಳಗಿನವರ ಕೈಯಿಂದಲೇ ಆಗುತ್ತೆ. ಶಾಲೆ, ಆಸ್ಪತ್ರೆ, ಪಿಂಚಣಿ, ರಸ್ತೆ ಎಲ್ಲಾ ಅವರೇ ನೋಡ್ಕೋತಾರೆ. ಖರ್ಚು ಕೆಳಗೆ, ಆದ್ರೆ ಆದಾಯ? 1994ರಲ್ಲಿ ತೆರಿಗೆ ಹಂಚಿಕೆ ಬದಲಾಯ್ತು. ಅದಕ್ಕೆ ಹಿಂದಿನ ವರ್ಷ ಒಟ್ಟು ಆದಾಯದಲ್ಲಿ ಕೇಂದ್ರದ ಪಾಲು ಶೇಕಡಾ 22 ಇತ್ತು, ಒಂದೇ ವರ್ಷದಲ್ಲಿ ಅದು 55 ದಾಟ್ತು. ಕೆಳಗಿನವರ ಕೈ ಖಾಲಿಯಾಯ್ತು, ಕೆಲಸ ಹಾಗೇ ಉಳೀತು. 2006ರಲ್ಲಿ ಕೃಷಿ ತೆರಿಗೆ ರದ್ದಾಯ್ತು. ರೈತರಿಗೆ ಅದು ದೊಡ್ಡ ಬಿಡುಗಡೆ, ಆದ್ರೆ ಹೋಬಳಿ ಮಟ್ಟದವರಿಗೆ ಇದ್ದ ಒಂದು ಮೂಲವೂ ಹೋಯ್ತು.

ಉಳಿದದ್ದು ಜಮೀನು. ಚೀನಾದಲ್ಲಿ ಪಟ್ಟಣದ ನೆಲ ಸರ್ಕಾರದ್ದು, ಹಳ್ಳಿಯ ನೆಲ ಊರಿನ ಸಾಮೂಹಿಕ ಒಡೆತನದ್ದು. ಹಳ್ಳಿಯ ಹೊಲದ ಮೇಲೆ ಬಡಾವಣೆಯೋ ಕಾರ್ಖಾನೆಯೋ ಕಟ್ಟಬೇಕಾದ್ರೆ ಸರ್ಕಾರ ಅದನ್ನ ಸ್ವಾಧೀನ ಮಾಡ್ಕೊಂಡು ಬೇರೆಯವರಿಗೆ ಕೊಡಬೇಕಿತ್ತು. ಹಳೇ ಕಾನೂನಿನಲ್ಲಿ ಜಮೀನಿನ ಪರಿಹಾರ ಬೆಳೆಯ ವರ್ಷದ ಬೆಲೆಯ 30 ಪಟ್ಟು ಮೀರೋ ಹಾಗಿರಲಿಲ್ಲ. ಭತ್ತದ ಲೆಕ್ಕದಲ್ಲಿ ತಗೊಳ್ಳೋದು, ಸೈಟಿನ ಲೆಕ್ಕದಲ್ಲಿ ಕೊಡೋದು. ನಡುವಿನ ಲಾಭ ಸ್ಥಳೀಯ ಸರ್ಕಾರದ ಬೊಕ್ಕಸಕ್ಕೆ. ಚೀನಾದ ಹೊಳೆಯೋ ಪಟ್ಟಣಗಳಲ್ಲಿ ಎಷ್ಟೋ ಭಾಗ ಎದ್ದು ನಿಂತಿದ್ದು ಈ ದುಡ್ಡಿನಲ್ಲಿ. ಆ 30 ಪಟ್ಟಿನ ಮಿತಿ ತೆಗೆದುಹಾಕೋ ತಿದ್ದುಪಡಿ ಬಂದಿದ್ದು 2019ರಲ್ಲಿ.

ಹೀಗೆ ಹೊಲ ಕಳ್ಕೊಂಡ ಊರುಗಳಲ್ಲಿ ವುಕಾನ್ ಒಂದು. ಗುವಾಂಗ್‌ಡಾಂಗ್ ಪ್ರಾಂತ್ಯದ ಕಡಲ ದಂಡೆ, ಮೀನುಗಾರರ ಊರು, ಸುಮಾರು 13 ಸಾವಿರ ಜನ. ಅಲ್ಲಿನ ಪಕ್ಷ ಕಾರ್ಯದರ್ಶಿ 41 ವರ್ಷ ಒಂದೇ ಕುರ್ಚೀಲಿ ಕೂತಿದ್ದರು. 2011ರ ಸೆಪ್ಟೆಂಬರ್‌ನಲ್ಲಿ, ನಮ್ಮ ಜಮೀನು ನಮಗೆ ಗೊತ್ತಿಲ್ಲದ ಹಾಗೆ ಮಾರಿದಾರೆ ಅಂತ ಊರು ಬೀದಿಗಿಳೀತು. ಡಿಸೆಂಬರ್‌ನಲ್ಲಿ ಊರವರ ಪರ ಮಾತಾಡ್ತಿದ್ದ ಷುಯೆ ಜಿನ್‌ಬೋ ಪೊಲೀಸರ ವಶದಲ್ಲಿದ್ದಾಗ ತೀರಿಕೊಂಡ್ರು. ಪೊಲೀಸರು ಊರನ್ನ ಸುತ್ತುವರಿದ್ರು, ಊರವರು ದಾರಿಗೆ ಅಡ್ಡ ಕಟ್ಟಿ ಒಳಗೆ ಕೂತ್ರು. ಕೊನೆಗೆ ಪ್ರಾಂತ್ಯದ ದೊಡ್ಡವರೇ ಬಂದು ಮಾತಾಡಿ, ಹೊಸ ಚುನಾವಣೆಗೆ ಒಪ್ಪಿದ್ರು.

2012ರ ಮಾರ್ಚ್ 3. ಊರ ಶಾಲೆಯ ಅಂಗಳದಲ್ಲಿ ಹಲಗೆಯ ಮರೆಗಳನ್ನ ನಿಲ್ಲಿಸಿದ್ರು, ಯಾರ ಚೀಟಿ ಯಾರಿಗೂ ಕಾಣಬಾರದು ಅಂತ. ಹೋರಾಟದ ಮುಂದಾಳು ಲಿನ್ ಝುಲುವಾನ್‌ಗೆ 6 ಸಾವಿರಕ್ಕೂ ಹೆಚ್ಚು ಓಟು ಬಿತ್ತು. ಒಂದು ವಿವರ ಗಮನಿಸಿ. ಈ ಓಟಿಗಿಂತ ಮೊದಲು, ಜನವರಿಯಲ್ಲೇ, ಅವರನ್ನ ಊರಿನ ಪಕ್ಷ ಕಾರ್ಯದರ್ಶಿ ಮಾಡಿದ್ರು. ಮೊದಲು ಮೇಲಿನವರ ಮುದ್ರೆ, ಆಮೇಲೆ ಜನರ ಓಟು.

ಆಮೇಲೆ ಏನಾಯ್ತು? ಜಮೀನಿನ ಬಹುಪಾಲು ವಾಪಸ್ ಬರಲೇ ಇಲ್ಲ. ಓಟು ಕುರ್ಚಿ ಕೊಡ್ತು. ಜಮೀನಿನ ಕಾಗದ ಇದ್ದದ್ದು ಮೇಲಿನ ಕಚೇರಿಗಳಲ್ಲಿ. ಅಲ್ಲಿ ಓಟಿನ ಪೆಟ್ಟಿಗೆ ಇರಲಿಲ್ಲ. 2016ರ ಜೂನ್‌ನಲ್ಲಿ, ಮತ್ತೆ ಪ್ರತಿಭಟನೆ ಮಾಡ್ತೀವಿ ಅಂತ ಹೊರಟ ಹೊತ್ತಿಗೆ, ಲಿನ್ ಅವರನ್ನ ಬಂಧಿಸಿದ್ರು. ಲಂಚದ ಆರೋಪ, 3 ವರ್ಷ 1 ತಿಂಗಳ ಶಿಕ್ಷೆ. ಊರವರು ವಾರಗಟ್ಟಲೆ ದಿನಾ ಮೆರವಣಿಗೆ ಮಾಡಿದ್ರು. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಪಡೆ ಊರೊಳಗೆ ಬಂತು.

2018ರಲ್ಲಿ ಹಳ್ಳಿ ಸಮಿತಿಯ ಅವಧಿಯನ್ನ 3 ವರ್ಷದಿಂದ 5ಕ್ಕೆ ಏರಿಸಿದ್ರು. ಪಕ್ಷದ ಕಾರ್ಯದರ್ಶಿಯೇ ಸಮಿತಿಯ ಮುಖ್ಯಸ್ಥರೂ ಆಗಬೇಕು ಅನ್ನೋ ನೀತಿಯನ್ನ ದೇಶದ ಉದ್ದಕ್ಕೂ ತರ್ತಾ ಬಂದ್ರು. ‘ಒಂದೇ ಹೆಗಲ ಮೇಲೆ ಎರಡೂ ಹೊರೆ’ ಅಂತ ಅದಕ್ಕೆ ಅಲ್ಲಿನ ಮಾತು. ಕರ್ಪೂರದ ಮರದ ಕೆಳಗೆ ಊರು ತಾನಾಗಿ ಹುಟ್ಟಿಸಿದ ಕುರ್ಚಿಯನ್ನ ಪಕ್ಷ ತನ್ನ ಕುರ್ಚಿ ಜೊತೆ ಸೇರಿಸಿಕೊಳ್ತು.

ಈಗ ನಮ್ಮ ಕಡೆ ಬರೋಣ.

ನಮ್ಮೂರಿನ ಒಂದು ಗ್ರಾಮಸಭೆ ನನಗೆ ಚೆನ್ನಾಗಿ ನೆನಪಿದೆ. ಶಾಲೆ ಜಗಲಿ ಮೇಲೆ ಶಾಮಿಯಾನ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಕರಕರ ಮೈಕು. ಒಬ್ಬ ಅಜ್ಜಿ ಎದ್ದು ನಿಂತು, ‘ನಮ್ಮ ಬೀದಿ ಚರಂಡಿ ಮೂರು ಮಳೆಗಾಲದಿಂದ ಹಾಗೇ ಇದೆಯಲ್ಲಪ್ಪ’ ಅಂದ್ರು. ಅಧ್ಯಕ್ಷರು, ‘ಅನುದಾನ ಬಂದಿಲ್ಲ ಅಜ್ಜಿ’ ಅಂದ್ರು. ಅಜ್ಜಿ ಬಿಡಲಿಲ್ಲ. ‘ಓಟು ಕೇಳೋಕೆ ಬಂದಾಗ ಅನುದಾನದ ಮಾತು ಆಡಲಿಲ್ಲವಲ್ಲ ನೀನು!’ ಶಾಮಿಯಾನದ ಕೆಳಗಿದ್ದವರೆಲ್ಲ ಅಧ್ಯಕ್ಷರ ಮುಖ ನೋಡಿದ್ರು.

ಆ ಅಜ್ಜಿ ಅಷ್ಟು ಜನರ ಮುಂದೆ ಹಾಗೆ ಕೇಳಿ, ರಾತ್ರಿ ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗಬಹುದು. ಮುಂದಿನ ಸಲ ಓಟು ಬೇರೆಯವರಿಗೆ ಹಾಕಬಹುದು. ವುಕಾನ್‌ನವರು ಜೀವ ತೆತ್ತು ಕೇಳಿದ್ದು ಇದನ್ನೇ. ಆದ್ರೆ ಅಧ್ಯಕ್ಷರು ಹೇಳಿದ್ದೂ ಸುಳ್ಳಲ್ಲ. ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಪಂಚಾಯಿತಿಗಳ ಹಣಕಾಸಿನ ಮೇಲೆ ಒಂದು ವರದಿ ತಂತು. 2022-23ರಲ್ಲಿ ದೇಶದ ಒಂದು ಪಂಚಾಯಿತಿ ಸ್ವಂತ ತೆರಿಗೆಯಿಂದ ಗಳಿಸಿದ್ದು ಸರಾಸರಿ 21 ಸಾವಿರ ರೂಪಾಯಿ. ಇಡೀ ವರ್ಷಕ್ಕೆ! ಕೇಂದ್ರದ ಅನುದಾನ ಸುಮಾರು 17 ಲಕ್ಷ. ಊರಲ್ಲಿ ‘15ನೇ ಹಣಕಾಸು’ ಅಂತೀವಲ್ಲ, ಆ ಹಣಕಾಸು ಆಯೋಗದ ದುಡ್ಡಲ್ಲೂ ಶೇಕಡಾ 60 ನೀರು, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿ ಕಳಿಸಿದ್ದು.

ಯಾಕೆ ಹೀಗೆ? ನಮ್ಮ ಸಂವಿಧಾನದಲ್ಲಿ ಸ್ಥಳೀಯ ಆಡಳಿತ ರಾಜ್ಯಪಟ್ಟಿಯ ವಿಷಯ. 1992ರ 73ನೇ ತಿದ್ದುಪಡಿ ಚುನಾವಣೆ ಕಡ್ಡಾಯ ಮಾಡ್ತು, ಮಹಿಳೆಯರಿಗೆ, ದಲಿತರಿಗೆ, ಆದಿವಾಸಿಗಳಿಗೆ ಮೀಸಲಾತಿ ಕೊಡ್ತು, 29 ವಿಷಯಗಳ ಪಟ್ಟಿಯನ್ನೂ ಕೊಡ್ತು. ಆದ್ರೆ ಆ ವಿಷಯಗಳ ಅಧಿಕಾರವನ್ನ ರಾಜ್ಯಗಳು ಕೊಡ‘ಬಹುದು’ ಅಂತ ಬರೀತು, ಕೊಡ‘ಬೇಕು’ ಅಂತ ಬರೀಲಿಲ್ಲ. ಆ ಒಂದು ಪದದಲ್ಲಿ ಅಜ್ಜಿಯ ಚರಂಡಿ ಸಿಕ್ಕಿಹಾಕಿಕೊಂಡಿದೆ. ದೆಹಲಿ ಮುಂದೆ ನಿಂತು ನಮ್ಮ ಪಾಲು ಕೊಡಿ ಅಂತ ಕೇಳೋ ರಾಜ್ಯಗಳು, ತಮ್ಮ ಪಂಚಾಯಿತಿಗಳ ಮುಂದೆ ತಾವೇ ದೆಹಲಿ ಆಗ್ತವೆ. ಒಕ್ಕೂಟ ಅನ್ನೋದು ನಮ್ಮಲ್ಲಿ ವಿಧಾನಸೌಧದ ಮೆಟ್ಟಿಲ ಮೇಲೇ ನಿಂತುಬಿಡುತ್ತೆ.

ಹೀಗೇ ಇರಬೇಕಿರಲಿಲ್ಲ. ದೇಶಕ್ಕಿಂತ ಮೊದಲು ದಾರಿ ತೋರಿಸಿದ್ದು ಕರ್ನಾಟಕ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿಗಳಿಗೆ ಕೊಳವೆಬಾವಿ ಕೊಟ್ಟು ನೀರ್ ಸಾಬ್ ಅಂತ ಹೆಸರಾದವರು. ಅವರು ತಂದ 1983ರ ಕಾಯಿದೆ ಪ್ರಕಾರ 1987ರಲ್ಲಿ ಚುನಾವಣೆ ಆಯ್ತು, ನಾಲ್ಕರಲ್ಲಿ ಒಂದು ಸೀಟು ಹೆಣ್ಣುಮಕ್ಕಳಿಗೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅದೂ ಡಿಸಿಗಿಂತ ಹಿರಿಯರು. ಜಿಲ್ಲೆಯಲ್ಲಿ ಡಿಸಿಗಿಂತ ದೊಡ್ಡ ಅಧಿಕಾರಿ ಒಬ್ಬರು ಜನ ಆರಿಸಿದವರ ಮುಂದೆ ಕಡತ ಹಿಡ್ಕೊಂಡು ನಿಲ್ಲೋದು ಅಂದ್ರೆ ಆ ಕಾಲಕ್ಕೆ ಸಾಮಾನ್ಯ ಮಾತಾ? ನಜೀರ್ ಸಾಬ್ 1988ರಲ್ಲಿ ತೀರಿಕೊಂಡ್ರು. ಆ ಮಟ್ಟದ ಎದೆಗಾರಿಕೆಯನ್ನ ಆಮೇಲೆ ನಾನಂತೂ ಕಂಡಿಲ್ಲ.

ಕೇರಳವನ್ನ ಇಲ್ಲಿ ಬಿಡೋ ಹಾಗಿಲ್ಲ. 1996ರಲ್ಲಿ ಅಲ್ಲಿ ಎಡರಂಗ ಸರ್ಕಾರ ಜನಯೋಜನೆ ಅಂತ ಶುರುಮಾಡಿ, ರಾಜ್ಯದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನ ಪಂಚಾಯಿತಿ, ಪುರಸಭೆಗಳಿಗೆ ಕೊಡ್ತು. ಮಾಡಿದವರು ಕಮ್ಯುನಿಸ್ಟರು. ಅದೇ ಕಮ್ಯುನಿಸ್ಟರು 2001ರ ಚುನಾವಣೇಲಿ ಸೋತು, ಸುಮ್ಮನೆ ಅಧಿಕಾರ ಬಿಟ್ಟು ಮನೆಗೆ ಹೋದ್ರು. ಹಾಗಾಗಿ ಬಾವುಟದ ಬಣ್ಣದ ಮೇಲೆ ನನ್ನ ತಕರಾರಿಲ್ಲ. ಸೋಲಿಸೋಕೆ ಆಗದ ಪಕ್ಷದ ಮೇಲೆ ಇದೆ.

ಅದಕ್ಕೇ ಮುಂದಿನ ಮಾತು ಹೇಳೋಕೆ ನನಗೆ ಸಂಕಟ ಆಗುತ್ತೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗೀತು. ಅವಧಿ ಮುಗಿಯೋಕೆ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತೆ. ಕ್ಷೇತ್ರ ವಿಂಗಡಣೆ ಅಂದ್ರು, ಮೀಸಲಾತಿ ಪಟ್ಟಿ ಅಂದ್ರು, ಕೋರ್ಟು ಅಂದ್ರು. ವರ್ಷದ ಮೇಲೆ ವರ್ಷ ಹೋಯ್ತು. ಸರ್ಕಾರ ನಡೆಸೋ ಪಕ್ಷ ಬದಲಾಯ್ತು, ಕುರ್ಚಿ ಮಾತ್ರ ಆಡಳಿತಾಧಿಕಾರಿಗಳ ಕೈಲೇ ಉಳೀತು. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಅಲ್ಲೂ ಇದೇ ಕಥೆ. ಮೇಲಿನವರು ಕಳಿಸಿದ ಅಧಿಕಾರಿ, ಮೇಲಿನವರಿಗೇ ಉತ್ತರ ಹೇಳೋ ಅಧಿಕಾರಿ. ಈ ಏರ್ಪಾಡನ್ನ ನಾವು ಸ್ವಲ್ಪ ಹೊತ್ತಿನ ಹಿಂದೆ ನೋಡಿದ್ವಿ, ಅಲ್ವಾ? ಚೀನಾದ ಕೌಂಟಿ ಕಾರ್ಯದರ್ಶಿಗೆ ಕೊನೇಪಕ್ಷ ಬೊಕ್ಕಸ ಇತ್ತು.

ಮುಂದಿನ ಸಲ ನಿಮ್ಮ ಜಿಲ್ಲಾ ಪಂಚಾಯಿತಿ ಕಚೇರಿಗೆ ಹೋದಾಗ, ಒಳಗೆ ಅಧ್ಯಕ್ಷರ ಹೆಸರು, ಅವಧಿ ಬರೆದ ಫಲಕ ಇದ್ರೆ ಅದರ ಮುಂದೆ ನಿಂತ್ಕೊಳ್ಳಿ. ಹೆಸರುಗಳನ್ನ ಮೇಲಿಂದ ಓದ್ತಾ ಬನ್ನಿ. 2021ಕ್ಕೆ ಬಂದಾಗ, ಅದರ ಕೆಳಗಿನ ಸಾಲಿನಲ್ಲಿ ಏನಿದೆ ಅಂತ ನೋಡಿ, ನನಗೆ ಬರೆದು ತಿಳಿಸಿ.