ಅನುಪಾತದ ಲೆಕ್ಕ ಮತ್ತು ಅಪ್ಪನ ಹೃದಯ

(ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರ್ ಅಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಇವತ್ತು ಹೃದಯಾಘಾತದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಈ ಶಾಲೆಯಲ್ಲಿ ಗಣಿತದ ಗುರುಗಳು, "ಎರಡು ಸಾಲು ಸಜ್ಜಿಗೆ ಒಂದು ಸಾಲು ತೊಗರಿ ಅಂದ್ರ ಅನುಪಾತ ಎಷ್ಟೋ?" ಎಂದು ಕೇಳುತ್ತಿದ್ದರು. ಆ ಪಾಠ ನನಗೆ ಮತ್ತೆ ನೆನಪಾದದ್ದು ಅಪ್ಪನಿಗೆ ಹೃದಯಾಘಾತವಾದ ರಾತ್ರಿ.

ಮೂರು ವರ್ಷದ ಹಿಂದೆ, ಭತ್ತದ ಸುಗ್ಗಿಯ ಹೊತ್ತು. ಬೆಳಗ್ಗೆ ಅಪ್ಪನಿಗೆ ಎದೆ ಹಿಡಿದಂತಾಯಿತು. ಅವ್ವ ಕೇಳಿದರೆ, "ಏನಿಲ್ಲ ಬಿಡು, ಗ್ಯಾಸ್ ಆಗೈತಿ" ಎಂದು ಸೋಡಾ ಕುಡಿದು ಹೊಲಕ್ಕೆ ಹೋದರು. ಮಧ್ಯಾಹ್ನ ಮೈಯೆಲ್ಲ ಬೆವರಿ ಬದುವಿನ ಮೇಲೆ ಕುಸಿದು ಕೂತಾಗ ಕಾಕಾ ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದರು. ಅಷ್ಟರಲ್ಲಿ ಐದು ತಾಸು ಕಳೆದಿತ್ತು. ಅಲ್ಲಿ ಇಸಿಜಿ ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ರಾಯಚೂರಿಗೆ ಕಳಿಸಿದರು.

ನಾನು ರಾತ್ರಿ ಬಸ್ಸು ಹತ್ತಿದೆ. ತಮ್ಮ ರಕ್ತ ಪರೀಕ್ಷೆಯ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಅದರಲ್ಲಿ ಬಿಳಿ ರಕ್ತಕಣಗಳ ಲೆಕ್ಕವಿತ್ತು: ನ್ಯೂಟ್ರೋಫಿಲ್ 84, ಲಿಂಫೋಸೈಟ್ 10. ಮೊಬೈಲಿನಲ್ಲಿ ಹುಡುಕಿದಾಗ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ರೋಗಿ ಬದುಕುಳಿಯುವ ಸಾಧ್ಯತೆಯ ಸುಳಿವು ಸಿಗುತ್ತದೆ ಎಂದು ಓದಿದೆ. ಭಾಗಿಸಿದೆ. 8.4 ಬಂತು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 1ರಿಂದ 3ರ ಆಸುಪಾಸಿನಲ್ಲಿರುತ್ತದೆ. ಬಸ್ಸಿನಲ್ಲಿ ಎಲ್ಲರೂ ಮಲಗಿದ್ದರು. ನಾನು ಅಪ್ಪನ ಆಯುಷ್ಯದ ಲೆಕ್ಕ ಹಾಕುತ್ತ ಕೂತಿದ್ದೆ.

ಈ ಲೆಕ್ಕದ ಹಿಂದಿನ ಕಾರಣ ಸರಳ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಅದರ ಮುಂದಿನ ಸ್ನಾಯು ಸಾಯತೊಡಗುತ್ತದೆ. ಗಾಯವಾದ ಕಡೆಗೆ ಮೊದಲು ಓಡಿಬರುವವು ನ್ಯೂಟ್ರೋಫಿಲ್‌ಗಳು. ಸತ್ತ ಭಾಗವನ್ನು ಶುಚಿ ಮಾಡುವ ಭರದಲ್ಲಿ ಅವು ಪಕ್ಕದ ಜೀವಂತ ಸ್ನಾಯುವಿಗೂ ಪೆಟ್ಟು ಕೊಡಬಲ್ಲವು. ಇನ್ನೊಂದು ಕಡೆ, ದೇಹ ಸಂಕಟದಲ್ಲಿದ್ದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ, ರಕ್ತದಲ್ಲಿ ಲಿಂಫೋಸೈಟ್‌ಗಳು ಇಳಿಯುತ್ತವೆ. ಒಂದು ಏರಿ ಇನ್ನೊಂದು ಇಳಿದರೆ ಅನುಪಾತ ಜಿಗಿಯುತ್ತದೆ. 2005ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸಂಶೋಧಕರು ಆಂಜಿಯೋಗ್ರಾಂ ಆದ ಮೂರು ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿ, ಬಿಳಿ ಕಣಗಳ ಒಟ್ಟು ಸಂಖ್ಯೆಗಿಂತ ಈ ಅನುಪಾತವೇ ಮುಂದಿನ ಅಪಾಯವನ್ನು ಚೆನ್ನಾಗಿ ತೋರಿಸುತ್ತದೆ ಎಂದು ಕಂಡುಕೊಂಡರು. ಆಮೇಲೆ ಹೃದಯಾಘಾತವಾದವರ ಮೇಲೂ ಹಲವು ದೇಶಗಳಲ್ಲಿ ಇಂಥ ಅಧ್ಯಯನಗಳು ನಡೆದಿವೆ. ಪ್ಲೇಟ್‌ಲೆಟ್ ಮತ್ತು ಲಿಂಫೋಸೈಟ್‌ಗಳ ಅನುಪಾತವನ್ನೂ ಹೀಗೆಯೇ ನೋಡುತ್ತಾರೆ.

ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಇದ್ದೇ ಇತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಮೇಲೆ ಜಗತ್ತು ಅದನ್ನು ಓದಿತು. ಹಾಗೆಯೇ ಈ ಎರಡು ಅಂಕಿಗಳೂ ಸಾಧಾರಣ ರಕ್ತ ಪರೀಕ್ಷೆಯ ಚೀಟಿಯಲ್ಲಿ ಮೊದಲಿನಿಂದಲೂ ಇದ್ದವು.

ಬೆಳಗ್ಗೆ ರಾಯಚೂರಿನಲ್ಲಿ ಡಾಕ್ಟರರಿಗೆ ನನ್ನ 8.4 ತೋರಿಸಿದೆ. ಅವರು ಸಿಟ್ಟಾಗಲಿಲ್ಲ. "ಇದು ನೂರಾರು ಜನರ ಲೆಕ್ಕ, ನಿಮ್ಮ ತಂದೆಯ ಹಣೆಬರಹ ಅಲ್ಲ. ಜ್ವರ, ಸೋಂಕು, ಸ್ಟೀರಾಯ್ಡ್ ಔಷಧಿಯಿಂದಲೂ ಈ ಅನುಪಾತ ಏರತೈತಿ. ಹೃದಯಾಘಾತ ಹೌದೋ ಅಲ್ಲೋ ಅಂತ ಹೇಳೋದು ಇಸಿಜಿ ಮತ್ತು ಟ್ರೋಪೋನಿನ್ ಪರೀಕ್ಷೆ. ಈ ಅಂಕಿ ಹೆಚ್ಚಿದ್ದವರನ್ನ ನಾವು ಹೆಚ್ಚು ಎಚ್ಚರದಿಂದ ನೋಡಿಕೊಳ್ತೀವಿ, ಅಷ್ಟೇ" ಎಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಎದೆನೋವು ಶುರುವಾಗಿ ಎಷ್ಟು ತಾಸಿಗೆ ಬಂದ್ರಿ?"

ನಾಲ್ಕನೇ ದಿನ ಅಂಕಿಗಳು 66 ಮತ್ತು 24 ಆದವು. ಅನುಪಾತ 2.75. ಅಪ್ಪ ಉಳಿದರು. ಆದರೆ ಕಳೆದುಹೋದ ಆ ಐದು ತಾಸು ಮರಳಿ ಬರಲಿಲ್ಲ. ಹೃದಯದ ಒಂದು ಭಾಗ ಸೊರಗಿದೆ. ಅಪ್ಪ ಈಗ ಭತ್ತದ ಚೀಲ ಎತ್ತಲಾರರು. ಕಾಲುವೆಯ ತನಕ ನಡೆಯಲು ಎರಡು ಸಲ ಕೂರುತ್ತಾರೆ.

ಹೆಪ್ಪು ಕರಗಿಸುವ ಮದ್ದು ಹನ್ನೆರಡು ತಾಸಿನವರೆಗೂ ಉಪಯೋಗಕ್ಕೆ ಬರಬಹುದು. ಆದರೆ ಅದರ ನಿಜವಾದ ಶಕ್ತಿ ಮೊದಲ ಮೂರು ತಾಸಿನೊಳಗೆ. ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ತೀರಿಕೊಂಡ ಮೇಲೆ ನಮ್ಮ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುವ ವ್ಯವಸ್ಥೆ ಅದು. ಆದರೆ ನಾವು ಆಸ್ಪತ್ರೆಯ ಬಾಗಿಲಿಗೆ ಹೋದರೆ ತಾನೆ?

ಆದ್ದರಿಂದ ನನ್ನ ವಿನಂತಿ ಇಷ್ಟು. ಎದೆ ಹಿಡಿದು, ಬೆವರು ಬಂದು, ನೋವು ಕೈಗೋ ದವಡೆಗೋ ಹರಿದರೆ ಸೋಡಾ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ರಕ್ತಕಣಗಳ ಅನುಪಾತ ಡಾಕ್ಟರರ ಲೆಕ್ಕ, ತಾಸಿನ ಲೆಕ್ಕ ನಮ್ಮದು. ಮಕ್ಕಳೇ, ಇದನ್ನು ಇವತ್ತು ರಾತ್ರಿ ಮನೆಯಲ್ಲಿ ಹೇಳಿರಿ.

ಅಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಬೆಳಗ್ಗೆ ಹೊರಡುವಾಗ, "ಏನ್ ಮಾತಾಡ್ಲಿ ಅಪ್ಪಾ?" ಎಂದು ಕೇಳಿದ್ದೆ. "ನನ್ನ ಸೋಡಾದ ಕಥಿ ಹೇಳೋ, ಯಾರಿಗರ ಉಪಯೋಗ ಆದೀತು" ಎಂದರು. ಹೇಳಿದ್ದೇನೆ.